ಏರಿಯ ಮೇಲಿನ ಕಾಂಕ್ರೀಟ್ ಗೂಡು

ಹೋದ ತಿಂಗಳು ಇಲಾಖೆಗೆ ಹೊಸದಾಗಿ ಸೇರಿದ ಎಂಜಿನಿಯರೊಬ್ಬರು ನನ್ನನ್ನು ನೋಡಲು ಬಂದಿದ್ದರು. ದೇವನಹಳ್ಳಿ ತಾಲ್ಲೂಕಿನ ಕೆರೆಗಳನ್ನೆಲ್ಲ ನೋಡಿ ಬರುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. ಕಾಫಿ ಕುಡಿಯುತ್ತಾ ಕೇಳಿದರು:

“ಸಾರ್, ಕುಂದಾಣದಿಂದಾಚೆ ಅಗಲಕಟ್ಟೆ ಕೆರೆ ಇದೆಯಲ್ಲ, ಅದರ ಏರಿ ಮೇಲೆ ಒಂದು ಕಾಂಕ್ರೀಟ್ ಗೂಡಿದೆ. ಕಿಟಕಿ ಇಲ್ಲ, ಬರೀ ಸೀಳುಗಳು. ಮಿಲ್ಟ್ರಿಯವರದು ಅಂತಾರೆ ಜನ. ಏರಿ ಅಗೆದು ಅದನ್ನ ಕಟ್ಟೋ ಬುದ್ಧಿ ಯಾರಿಗೆ ಬಂತೋ?”

“ಕಟ್ಟಿಸಿದ್ದು ನಾನೇ” ಎಂದೆ.

ಪಾಪ, ಕಾಫಿ ಅವರ ಗಂಟಲಿಗೆ ಸಿಕ್ಕಿಕೊಂಡಿತು. ತಪ್ಪು ತಿಳಿಯಬೇಡಿ ಎಂದರು. ನಾನೇನೂ ತಪ್ಪು ತಿಳಿಯಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅವರಿಗೆ ಅವತ್ತು ಅರ್ಧಂಬರ್ಧ ಹೇಳಿದ್ದನ್ನು ಈಗ ಕೂತು ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಬಂತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದನ್ನು ಓದಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಆ ಗೂಡು ಯಾಕೆ ಹುಟ್ಟಿತು, ಯಾಕೆ ಇನ್ನೂ ನಿಂತಿದೆ ಎಂಬುದನ್ನು ತಿಳಿದರೆ ನಮ್ಮ ಕೆಲಸ ಎಂಥದು ಎಂಬುದು ಸ್ವಲ್ಪ ತಿಳಿದೀತು.

ನಾನು ಓವರ್ಸಿಯರ್ ಪರೀಕ್ಷೆ ಮುಗಿಸಿ ಕೆಲಸಕ್ಕೆ ಸೇರಿದ್ದು ಎರಡನೇ ಮಹಾಯುದ್ಧದ ನಡುವೆ. ನಮ್ಮೂರು ಶಿವಗಂಗೆಯ ತಪ್ಪಲಿನದು. ರಸ್ತೆ, ಮೋರಿ, ಸ್ಕೂಲು, ಇಂಥವನ್ನು ಕಟ್ಟಿಸಿಕೊಂಡು ಇರುತ್ತೇನೆ ಅಂದುಕೊಂಡು ಟ್ರಂಕು ಹೊತ್ತು ದೇವನಹಳ್ಳಿಗೆ ಬಂದೆ. ಆ ಬೇಸಿಗೆಯಲ್ಲಿ ರಂಗೂನು ಜಪಾನಿನವರ ಕೈಗೆ ಹೋಯಿತು. ಮದರಾಸಿನ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಬರತೊಡಗಿದರು. ಯಲಹಂಕದ ಸುತ್ತ ವಿಮಾನ ಇಳಿಯುವ ಮೈದಾನಗಳು, ಡೇರೆಗಳ ಸಾಲು, ಹಗಲೆಲ್ಲ ಲಾರಿಗಳ ಧೂಳು. ಶತ್ರುಗಳು ಇಳಿದುಬಿಟ್ಟರೆ ಆ ಮೈದಾನಗಳಿಗೆ ಹೋಗುವ ದಾರಿಗಳನ್ನು ಕಾಯಬೇಕಲ್ಲ, ಅದಕ್ಕೆಂದು ಅಲ್ಲಲ್ಲಿ ಕಾಂಕ್ರೀಟಿನ ಕಾವಲು ಗೂಡುಗಳನ್ನು ಕಟ್ಟಬೇಕೆಂದು ನಮಗೆ ಅಪ್ಪಣೆಯಾಯಿತು. ರೈಲು ಸೇತುವೆಯ ಪಕ್ಕದಲ್ಲಿ, ದಾರಿ ಕೂಡುವ ಕಡೆ, ಎಷ್ಟೋ ಸಲ ರಾಗಿ ಹೊಲದ ಮಧ್ಯದಲ್ಲೇ. ದಪ್ಪ ಗೋಡೆ, ಚಪ್ಪಟೆ ಚಾವಣಿ, ಹಿಂದೆ ಬಗ್ಗಿ ಒಳಗೆ ಹೋಗುವಂಥ ಬಾಗಿಲು, ಮೂರು ಕಡೆ ಬಂದೂಕು ಚಾಚಲು ಕಂಡಿ. ಹಳ್ಳಿಯವರು ಅದನ್ನು ಗೂಡು ಎಂದೇ ಕರೆದರು. ನಾವೂ ಹಾಗೇ ಕರೆದೆವು.

ನನ್ನ ಮೇಲಿನವರು ಅಸಿಸ್ಟೆಂಟ್ ಎಂಜಿನಿಯರ್ ಶ್ರೀಕಂಠಯ್ಯನವರು. ಎತ್ತರದ ಆಳು, ಮೆಲುಮಾತು. ಕೆರೆಗಳ ಕೆಲಸದಲ್ಲೇ ತಲೆ ಬೆಳ್ಳಗಾದವರು. ಏರಿಯ ಮೇಲೆ ನಡೆಯುವಾಗ ಬೂಟು ಬಿಚ್ಚಿ ಜವಾನನ ಕೈಗೆ ಕೊಟ್ಟುಬಿಡುತ್ತಿದ್ದರು. ಮಣ್ಣು ತೇವ ಇದೆಯೋ ಇಲ್ಲವೋ ಬೂಟಿಗೆ ಗೊತ್ತಾಗೋಲ್ಲ ಕಣಯ್ಯ ಎನ್ನುತ್ತಿದ್ದರು.

ಅಗಲಕಟ್ಟೆಯ ಕೆರೆ ಏರಿಯ ಮೇಲೆ ಗಾಡಿ ದಾರಿ ಹಾದು ಹೋಗುತ್ತದೆ. ಮಿಲಿಟರಿಯ ಕ್ಯಾಪ್ಟನ್ ಒಬ್ಬ, ಬಿಸಿಲಿಗೆ ಕೆಂಪಗಾದ ಬಿಳಿಯ, ನನಗಿಂತ ಸ್ವಲ್ಪ ದೊಡ್ಡವನಿರಬೇಕು, ಜೀಪಿನಲ್ಲಿ ಬಂದು ಏರಿಯ ಸರಿಮಧ್ಯದಲ್ಲಿ ಸುಣ್ಣದ ಪುಡಿಯಿಂದ ಚೌಕ ಎಳೆಸಿದ. ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿ ಅವನಿಗೆ ನಿಧಾನವಾಗಿ ವಿವರಿಸಿದರು: ಇದು ಬರೀ ದಾರಿಯಲ್ಲ, ನೀರು ತಡೆದಿರುವ ಮಣ್ಣಿನ ಗೋಡೆ. ಇದನ್ನು ಅಗೆದು ಕಾಂಕ್ರೀಟು ಇಟ್ಟರೆ ಮಣ್ಣಿಗೂ ಕಾಂಕ್ರೀಟಿಗೂ ಬೆಸುಗೆ ಕೂಡುವುದಿಲ್ಲ. ಕೆರೆ ತುಂಬಿದ ದಿನ ನೀರು ಆ ಸಂದಿಯನ್ನೇ ಹುಡುಕಿಕೊಂಡು ಬರುತ್ತದೆ. ಏರಿ ಮುಗಿಯುವ ಕಡೆ, ಕೋಡಿಯ ಪಕ್ಕ, ಬಂಡೆ ಇದೆ. ಅದರ ಮೇಲೆ ಕಟ್ಟೋಣ.

ಕ್ಯಾಪ್ಟನ್ ಬಂಡೆಯವರೆಗೂ ನಡೆದು ಹೋಗಿ, ಮಂಡಿಯೂರಿ ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಅಲ್ಲಿಂದ ದಾರಿಯ ತಿರುವು ಕಾಣುತ್ತಿರಲಿಲ್ಲ. ವಾಪಸು ಬಂದು, ನಿಮ್ಮ ಮಾತು ನಿಜವಿರಬಹುದು, ಆದರೆ ಜಪಾನಿನವರು ನಿಮ್ಮ ಮಳೆಗಾಲದವರೆಗೂ ಕಾಯುವುದಿಲ್ಲ ಎಂದ. ಅಲ್ಲಿಗೆ ಮಾತು ಮುಗಿಯಿತು. ಅವನನ್ನು ಬೈಯುವುದು ಸುಲಭ. ಆ ದಿನಗಳಲ್ಲಿ ನಾಳೆ ಬೆಳಿಗ್ಗೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಹಳ್ಳಿಯ ಪಟೇಲರು ಮುನಿಶಾಮಪ್ಪ. ಅವರು ಕೇಳಿದ್ದು ಒಂದೇ ಮಾತು.

“ಸ್ವಾಮಿ, ಏರಿ ಒಡುದ್ರೆ ನಮ್ಮೂರೇ ಇರಾಕಿಲ್ಲ. ನೀವು ಜವಾಬ್ದಾರಿ ತಕ್ಕತೀರಾ?”

ಶ್ರೀಕಂಠಯ್ಯನವರು, “ತಗೊಳ್ತೀನಿ ಪಟೇಲ್ರೇ. ತಗೊಳ್ಳದೆ ವಿಧಿ ಇಲ್ಲ” ಎಂದರು.

ಕೆಲಸ ಶುರುವಾಯಿತು. ಆಗ ಕಾಂಕ್ರೀಟು ನಮ್ಮ ಸೀಮೆಗೆ ಹೊಸದು. ಹಳೆಯ ಮೇಸ್ತ್ರಿಗಳೆಲ್ಲ ಸುಣ್ಣದ ಗಾರೆಯವರು. ಸಿಮೆಂಟು ಜನರಿಗೆ ಸಿಕ್ಕುತ್ತಲೂ ಇರಲಿಲ್ಲ, ಬಂದದ್ದೆಲ್ಲ ಮಿಲಿಟರಿಗೆ. ನಿಮಗೀಗ ಮಿಕ್ಸರು, ವೈಬ್ರೇಟರು ಇವೆ. ನಾವು ತಗಡಿನ ಮೇಲೆ ಜಲ್ಲಿ, ಮರಳು, ಸಿಮೆಂಟು ಸುರಿದು ಸಲಿಕೆಯಲ್ಲಿ ಮಗುಚಿ ಕಲಸುತ್ತಿದ್ದೆವು. ಹೆಂಗಸರು ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹಲಗೆಗಳ ನಡುವೆ ಸುರಿದದ್ದನ್ನು ಕಬ್ಬಿಣದ ಸಲಾಕೆಯಿಂದ ಕುಕ್ಕಿ ಕುಕ್ಕಿ ಗಾಳಿ ಬಿಡಿಸುವುದು. ಸಾಯಂಕಾಲಕ್ಕೆ ಎಲ್ಲರ ಅಂಗೈಯೂ ಸಿಮೆಂಟಿಗೆ ಸೀಳಿ ಉರಿಯುತ್ತಿತ್ತು. ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೆವು.

ಏರಿಗೆ ಏನು ಮಾಡಬಹುದಿತ್ತೋ ಅದನ್ನು ಶ್ರೀಕಂಠಯ್ಯನವರು ಮಾಡಿಸಿದರು. ಗೋಡೆಯ ಸುತ್ತ ಜೇಡಿಮಣ್ಣು ತುಂಬಿಸಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಗುದ್ದಿಸಿದರು. ಆದರೆ ಅಂಥ ಮಣ್ಣು ಕೂತು ಬಿಗಿಯಾಗಲು ಒಂದು ಮಳೆಗಾಲ ಬೇಕು. ನಮಗೆ ಅಷ್ಟು ಸಮಯ ಎಲ್ಲಿತ್ತು?

ಬಾಂಡ್ಲಿ ಹೊರುವವರಲ್ಲಿ ತಿಮ್ಮಕ್ಕ ಅಂತ ಒಬ್ಬಾಕೆ ಇದ್ದಳು. ಗಂಡ ಸತ್ತಿದ್ದ. ಕೆರೆಯ ಕೆಳಗೆ ಒಂದು ತುಂಡು ಗದ್ದೆ, ಒಬ್ಬನೇ ಮಗ ನಂಜುಂಡ. ಅವನು ಪಟಾಲಮ್ಮಿಗೆ ಡ್ರೈವರಾಗಿ ಸೇರಿ ಸಿಂಗಾಪುರದ ಕಡೆ ಹೋಗಿದ್ದ. ಸಿಂಗಾಪುರ ಬಿದ್ದಮೇಲೆ ಅವನ ಸುದ್ದಿಯೇ ಇರಲಿಲ್ಲ. ಚಾವಣಿ ಹಾಕುವ ಹಿಂದಿನ ದಿನ ಆಕೆ ಗೂಡಿನೊಳಗೆ ಬಗ್ಗಿ ನೋಡಿ ನನ್ನನ್ನು ಕೇಳಿದಳು.

“ಓರ್ಸೀರ್ ಸಾಮಿ, ಇದ್ರೊಳಗೆ ಗಾಳಿ ಆಡ್ತದಾ?”

“ಕಂಡಿ ಇದೆಯಲ್ಲಮ್ಮ.”

“ಬಂದೂಕ ಕಂಡೀಗಿಟ್ರೆ ಗಾಳಿಗೇನು ಜಾಗ ಉಳೀತು? ನನ್ ಮಗನೂ ಇಂತಾದ್ರಲ್ಲೇ ಕುಂತವ್ನೋ ಏನೋ. ಯಾರ ಮಕ್ಳಾದ್ರೂ ಉಸ್ರಾಡ್ಬೇಕಲ್ಲ.”

ನಾನು ಹೋಗಿ ಶ್ರೀಕಂಠಯ್ಯನವರಿಗೆ ಹೇಳಿದೆ. ನಕ್ಷೆಯಲ್ಲಿ ಇರಲಿಲ್ಲ. ಆದರೂ ಹಿಂಬದಿಯ ಗೋಡೆಯಲ್ಲಿ, ಚಾವಣಿಯ ಕೆಳಗೆ, ಒಂದು ಗವಾಕ್ಷಿ ಬಿಡಿಸಿದರು.

ನಕ್ಷೆ ಬರೆದವರು ಇನ್ನೊಂದನ್ನು ಮರೆತಿದ್ದರು. ಹಲಗೆ ಬಿಚ್ಚಿ, ಒದ್ದೆ ಗೋಣಿ ಹೊದಿಸಿ ನೀರುಣಿಸಿ ಎಲ್ಲ ಮುಗಿದ ಮೇಲೆ ಮಿಲಿಟರಿಯವರು ಮೆಷಿನ್‌ಗನ್ ತಂದರು. ಅದರ ಮೂರು ಕಾಲು ಕಂಡಿಯ ಕಟ್ಟೆಯ ಮೇಲೆ ಕೂರಲೇ ಇಲ್ಲ. ನಕ್ಷೆ ಬೇರೆ ಯಾವುದೋ ಗನ್ನಿನದು. ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಕೆತ್ತಿಸಿದೆವು. ಉಳಿಗಳು ಮೊಂಡಾದವು, ಕುಟಿಗರು ನನ್ನನ್ನು ಬೈದುಕೊಂಡರು. ನಾನು ಕಟ್ಟಿಸಿದ ಕಾಂಕ್ರೀಟು ಎಷ್ಟು ಗಟ್ಟಿ ಎಂಬುದು ನನಗೆ ತಿಳಿದದ್ದು ಹಾಗೆ.

ಗೂಡಿಗೆ ಬಂದ ಸಿಪಾಯಿಗಳಿಗೆ ಮುಖ್ಯಸ್ಥ ನಾಯಕ್ ಮಾರಿಮುತ್ತು. ತೋಳಿನ ಮೇಲೆ ಎರಡು ಪಟ್ಟಿ. ಧರ್ಮಪುರಿ ಕಡೆಯ ಬೇಸಾಯದ ಮನೆಯವನು. ತಮಿಳಿನ ನಡುವೆ ಕನ್ನಡ ಸೇರಿಸಿ ಮಾತಾಡುತ್ತಿದ್ದ. ಮೊದಲ ದಿನವೇ ಒಂದು ತಮಾಷೆ ಆಯಿತು. ಅವನು ಪಟೇಲರಿಗೆ, “ಏರಿಯಲ್ಲಿ ದನ ಇಳಿಸಬೇಡಿ” ಎಂದ. ಪಟೇಲರು, “ಏರಿ ಮೇಲೆ ದನ ಹತ್ತುಸ್ತಾರೆ, ಇಳ್ಸೋದೆಂಗಪ್ಪ?” ಎಂದರು. ತಮಿಳಿನಲ್ಲಿ ಏರಿ ಎಂದರೆ ಕೆರೆ, ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ಇಬ್ಬರಿಗೂ ಅದು ಅರ್ಥವಾಗುವ ಹೊತ್ತಿಗೆ ಸುತ್ತ ನಿಂತವರೆಲ್ಲ ನಗುತ್ತಿದ್ದರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಗೂಡಿನ ಎರಡೂ ಕಡೆ ಮುಳ್ಳುತಂತಿ ಎಳೆದರು. ಏರಿಯ ಮೇಲೆ ಹಳ್ಳಿಯವರು ಓಡಾಡಬಾರದೆಂದು ಹುಕುಂ ಆಯಿತು. ಗದ್ದೆಗೆ ಹೋಗಲು ಜನ, ಎತ್ತು ಎಲ್ಲ ಕೆರೆಯನ್ನು ಸುತ್ತಿಕೊಂಡು ಹೋಗಬೇಕಾಯಿತು. ಮಾರಿಮುತ್ತು ಈ ವಿಷಯದಲ್ಲಿ ಕಟ್ಟುನಿಟ್ಟು. ಮುದುಕರು ಬೇಡಿಕೊಂಡರೂ ಬಿಡುತ್ತಿರಲಿಲ್ಲ. ಊರಿನವರು ಅವನ ಮುಖ ನೋಡುವುದನ್ನು ಬಿಟ್ಟರು. ತಿಮ್ಮಕ್ಕ ಮಾತ್ರ ತಂತಿಯ ಹತ್ತಿರ ಹೋಗಿ ಒಮ್ಮೊಮ್ಮೆ ರಾಗಿ ಮುದ್ದೆ, ಹುರುಳಿ ಸಾರು ಇಟ್ಟು ಬರುತ್ತಿದ್ದಳು. ಅವನು ತಟ್ಟೆ ತೊಳೆದು ಅದೇ ಕಲ್ಲಿನ ಮೇಲೆ ಮಗುಚಿ ಇಡುತ್ತಿದ್ದ.

ಜಪಾನಿನವರು ಬರಲಿಲ್ಲ. ಮಳೆ ಬಂತು.

ಚಿತ್ತೆ ಮಳೆ ಆ ವರ್ಷ ಹಿಡಿದದ್ದು ಬಿಡಲಿಲ್ಲ. ಶ್ರೀಕಂಠಯ್ಯನವರೂ ನಾನೂ ಸೈಕಲ್ಲಿನಲ್ಲಿ ಕೆರೆಯಿಂದ ಕೆರೆಗೆ ತಿರುಗುತ್ತಿದ್ದೆವು. ಒಂದು ಬೆಳಿಗ್ಗೆ ಅಗಲಕಟ್ಟೆಗೆ ಬಂದಾಗ ಕೆರೆ ಅಂಚಿನವರೆಗೂ ತುಂಬಿ ಕೋಡಿ ಭೋರ್ಗರೆಯುತ್ತಿತ್ತು. ಏರಿಯ ಹಿಂಬದಿಗೆ, ಗೂಡಿನ ನೇರಕ್ಕೆ, ಬುಡದಲ್ಲಿ ನೀರು ಒಸರುತ್ತಿತ್ತು. ಏರಿಯ ಬುಡದಲ್ಲಿ ತಿಳಿನೀರು ಒಸರಿದರೆ ಹೆದರಬೇಕಾಗಿಲ್ಲ, ಎಷ್ಟೋ ಕೆರೆಗಳು ಹಾಗೆ ಒಸರಿಕೊಂಡೇ ಬಾಳುತ್ತವೆ. ಹೊಸಬರು ಇದನ್ನು ನೆನಪಿಡಿ: ನೀರು ಕೆಂಪಾಗಿ ಬಂದರೆ ಅದು ಏರಿಯ ಮಣ್ಣನ್ನು ಒಳಗಿನಿಂದ ತಿಂದುಕೊಂಡು ಬರುತ್ತಿದೆ ಎಂದು ಅರ್ಥ. ಅವತ್ತು ಬರುತ್ತಿದ್ದ ನೀರು ಕೆಂಪಗಿತ್ತು. ನಾವು ನೋಡುತ್ತಿದ್ದ ಹಾಗೇ ಕೈಬೆರಳಿನ ದಪ್ಪ ಇದ್ದದ್ದು ತೋಳಿನ ದಪ್ಪ ಆಯಿತು.

ಊರಿನ ಗಂಡಸರೆಲ್ಲ ಹುಲ್ಲಿನ ಹೊರೆ, ಮುಳ್ಳುಕಂಟಿ, ಗೋಣಿಚೀಲ ಹೊತ್ತು ಏರಿಯ ತುದಿಯಲ್ಲಿ ನಿಂತಿದ್ದರು. ತೂಬು ಆಗಲೇ ಪೂರ್ತಿ ಎತ್ತಿದ್ದರು, ಅದರಿಂದ ಏನೂ ಸಾಲದು. ನೀರು ಒಳಕ್ಕೆ ನುಗ್ಗುತ್ತಿದ್ದ ಬಾಯಿ ಗೂಡಿನ ಗೋಡೆಗೆ ಅಂಟಿಕೊಂಡೇ ಇತ್ತು. ಅಲ್ಲಿಗೆ ಹೋಗಬೇಕಾದರೆ ತಂತಿ ದಾಟಬೇಕು. ತಂತಿಯ ಆಚೆ ಮಾರಿಮುತ್ತು ಬಂದೂಕು ಹಿಡಿದು ನಿಂತಿದ್ದ. ಅವನ ಹಿಂದೆ ಅವನ ಸಿಪಾಯಿಗಳು.

“ಕ್ಯಾಂಪಿಗೆ ಫೋನು ಹೋಗ್ತಾ ಇಲ್ಲ. ಲೈನು ಸತ್ತುಹೋಗಿದೆ” ಎಂದ. “ಆರ್ಡರ್ ಇಲ್ಲದೆ ಯಾರೂ ಒಳಗೆ ಬರಕೂಡದು.”

ಪಟೇಲರ ತಮ್ಮನೊಬ್ಬ ಕಲ್ಲು ಎತ್ತಿಕೊಂಡ. “ಊರು ಮುಳುಗ್ತಾ ಐತೆ, ಆರ್ಡರ್ ಅಂತೆ ಆರ್ಡರ್! ನಡೀರ್ಲಾ, ನುಗ್ಗಾನ.”

ಮಾರಿಮುತ್ತು ಬಂದೂಕು ಎತ್ತಿ ಗುರಿ ಹಿಡಿದ.

ಶ್ರೀಕಂಠಯ್ಯನವರು ಜನರನ್ನು ಅಲ್ಲೇ ನಿಲ್ಲಿಸಿ, ಬೂಟು ಬಿಚ್ಚಿ, ಒಬ್ಬರೇ ತಂತಿಯವರೆಗೂ ನಡೆದರು. ಎರಡು ಮಾರು ಹಿಂದೆ ನಾನು ಹೋದೆ. ಅವರು ದನಿ ಏರಿಸಲಿಲ್ಲ.

“ನಾಯಕ್, ನೀನು ಯಾವೂರಿನವನಪ್ಪ?”

ಅವನು ಹೇಳಿದ.

“ನಿಮ್ಮೂರಲ್ಲಿ ಕೆರೆ ಇದೆಯಾ?”

“ಇದೆ ಸಾರ್.”

“ಹಾಗಾದ್ರೆ ಬಂದು ಹಿಂದೆ ಬಗ್ಗಿ ನೋಡು. ನೀರಿನ ಬಣ್ಣ ನೋಡಿ ಆಮೇಲೆ ನಮ್ಮನ್ನ ಹೊಡಿ. ನಾವು ಇಲ್ಲೇ ನಿಂತಿರ್ತೀವಿ.”

ಮಾರಿಮುತ್ತು ಏರಿಯ ಹಿಂಬದಿಯ ಅಂಚಿಗೆ ಹೋಗಿ ಬಗ್ಗಿ ನೋಡಿದ. ಹಿಂತಿರುಗಿ ನಿಂತಾಗ ಅವನ ಮುಖವೇ ಬೇರೆ. ಅಷ್ಟು ಹೊತ್ತೂ ಅವನು ಹುಕುಂ ಕಾಯುವ ಸಿಪಾಯಿಯಾಗಿದ್ದ. ಈಗ ಕೆರೆಯ ಕೆಳಗೆ ಹುಟ್ಟಿ ಬೆಳೆದವನ ದಿಗಿಲು ಅವನ ಕಣ್ಣಲ್ಲಿತ್ತು. “ಏರಿ ಉಡೈಯುದು!” ಎಂದು ಕೂಗಿದ. ಕೆರೆ ಒಡೆಯುತ್ತಿದೆ ಎಂದನೋ ಕಟ್ಟೆ ಒಡೆಯುತ್ತಿದೆ ಎಂದನೋ, ಅವತ್ತು ಯಾರೂ ಅರ್ಥ ಕೇಳಲಿಲ್ಲ. ಬಂದೂಕನ್ನು ಗೂಡಿನೊಳಗೆ ಇಟ್ಟು, ತಾನೇ ತಂತಿಯ ಗೂಟ ಕಿತ್ತು ಎಸೆದ.

ಆಮೇಲೆ ನಡೆದದ್ದು ಗಡಿಬಿಡಿಯ ಕೆಲಸ. ಗೂಡಿನ ಮುಂದೆ ಗುಂಡು ತಡೆಯಲೆಂದು ಪೇರಿಸಿದ್ದ ಮರಳಿನ ಚೀಲಗಳನ್ನು ಸಿಪಾಯಿಗಳೇ ಹೊತ್ತು ತಂದರು. ನಾನು ಹೆಂಗಸರ ಜೊತೆ ಹಿಂಬದಿಗೆ ಇಳಿದು, ಕೆಂಪು ನೀರು ಬರುವ ಬಾಯಿಯ ಸುತ್ತ ಚೀಲಗಳನ್ನು ಬಳಸಿ ಇಟ್ಟು, ಒಳಗೆ ಜಲ್ಲಿ, ಮರಳು ತುಂಬಿಸಿದೆ. ನೀರನ್ನು ಪೂರ್ತಿ ತಡೆಯಲು ಹೋಗಬಾರದು, ತಡೆದರೆ ಅದು ಪಕ್ಕದಲ್ಲಿ ಒಡೆಯುತ್ತದೆ. ನೀರು ಹೋಗಲಿ, ಮಣ್ಣು ಉಳಿಯಲಿ ಎಂಬ ಹಾಗೆ ಮಾಡಬೇಕು. ಕೆರೆಯ ಕಡೆ ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿದು ಕಾಲಿನಿಂದ ಬಾಯಿ ಹುಡುಕತೊಡಗಿದರು. ಹುಲ್ಲಿನ ಹೊರೆ ತುರುಕಿದರೆ ಕ್ಷಣದಲ್ಲಿ ಒಳಗೆ ಎಳೆದುಕೊಂಡುಬಿಡುತ್ತಿತ್ತು.

ಮಾರಿಮುತ್ತು ಗೂಡಿನೊಳಗಿಂದ ಮಿಲಿಟರಿ ಟಾರ್ಪಾಲು ತಂದ. ಅದರಲ್ಲಿ ಹುಲ್ಲು, ಜೇಡಿಮಣ್ಣು ಸುತ್ತಿ ದೊಡ್ಡ ಸುರುಳಿ ಮಾಡಿ, ಅದನ್ನು ತಬ್ಬಿಕೊಂಡು ಗೋಡೆಗೆ ಒತ್ತಿಕೊಂಡೇ ನೀರಿಗೆ ಇಳಿದ. ಸುರುಳಿಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಪಟೇಲರ ತಮ್ಮನ ಕೈಯಲ್ಲಿ. ಕಲ್ಲು ಎತ್ತಿದ್ದವನೇ ಅವನು. ಇಬ್ಬರೂ ಮುಳುಗಿ ಅದನ್ನು ಬಾಯಿಗೆ ತುರುಕಿದರು. ಮೇಲಿನಿಂದ ಚೀಲಗಳು ಬಿದ್ದವು. ಹಿಂಬದಿಯಲ್ಲಿ ನಾನು ನೋಡುತ್ತಿದ್ದೆ: ನೀರಿನ ರಭಸ ಒಮ್ಮೆಲೇ ಇಳಿಯಿತು. “ನಿಂತು, ನಿಂತು!” ಎಂದು ಹೆಂಗಸರು ಕೂಗಿದರು.

ಅದೇ ಹೊತ್ತಿಗೆ ಗೋಡೆಗೂ ಏರಿಗೂ ನಡುವೆ ನೆನೆದು ಬಾಯಿಬಿಟ್ಟಿದ್ದ ಮಣ್ಣಿನ ದೊಡ್ಡ ಹೆಂಟೆ ಕೆರೆಯ ಕಡೆಗೆ ಜಾರಿ ಬಿತ್ತು. ಪಟೇಲರ ತಮ್ಮ ಸ್ವಲ್ಪ ಆಚೆಗಿದ್ದ, ಹಗ್ಗ ಎಳೆದು ಮೇಲೆತ್ತಿದರು. ಮಾರಿಮುತ್ತು ಸರಿಯಾಗಿ ಅದರ ಕೆಳಗಿದ್ದ. ಎಲ್ಲರೂ ನೀರಿಗೆ ಬಿದ್ದು ಕೈಯಲ್ಲೇ ಮಣ್ಣು ಬಗೆದರು. ಹೊರಗೆ ತಂದಾಗ ಉಸಿರಿರಲಿಲ್ಲ. ಅವನನ್ನು ಕೊಂದ ಮಣ್ಣೇ ಬಾಯಿಯನ್ನು ಪೂರ್ತಿ ಮುಚ್ಚಿತ್ತು. ಏರಿ ಉಳಿಯಿತು.

ಗೂಡಿನ ಚಾವಣಿಯ ಮೇಲೆ ಅವನನ್ನು ಮಲಗಿಸಿದೆವು. ಕೆಸರಿಲ್ಲದ ಜಾಗ ಬೇರೆ ಇರಲಿಲ್ಲ. ತಿಮ್ಮಕ್ಕ ಸೆರಗಿನಿಂದ ಅವನ ಮುಖದ ಮಣ್ಣು ಒರೆಸಿದಳು. ಮಳೆ ಸುರಿಯುತ್ತಲೇ ಇತ್ತು.

ಮಧ್ಯಾಹ್ನಕ್ಕೆ ಕ್ಯಾಪ್ಟನ್ ಬಂದ. ಕಿತ್ತ ತಂತಿ, ಖಾಲಿಯಾದ ಚೀಲದ ಗೋಡೆ, ಗೂಡಿನ ಸುತ್ತ ತುಂಬಿದ ಹಳ್ಳಿಯ ಜನ ಎಲ್ಲ ನೋಡಿದ. ಉಳಿದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಕೇಳಿದ. ನಾಯಕ್ ತನ್ನ ಪೋಸ್ಟನ್ನು ಬಿಟ್ಟು ಹೋದನೇ ಎಂದು. ಸಿಪಾಯಿಗಳು ತಲೆ ತಗ್ಗಿಸಿದರು. ಹೌದು ಎಂದರೆ ಸತ್ತವನ ಮೇಲೆ ಅಪರಾಧ, ಅಲ್ಲ ಎಂದರೆ ಸುಳ್ಳು.

ಶ್ರೀಕಂಠಯ್ಯನವರು ಮುಂದೆ ಬಂದರು. ಬಟ್ಟೆಯೆಲ್ಲ ಕೆಸರು, ಬರಿಗಾಲು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. “ಅವನು ಪೋಸ್ಟ್ ಬಿಡಲಿಲ್ಲ. ಅದರ ಬುಡದಲ್ಲೇ ಸತ್ತ. ನೀವು ಅದನ್ನು ಇಡಿಸಿದ ಜಾಗದಲ್ಲಿ.”

ಕ್ಯಾಪ್ಟನ್ ಗೋಡೆಯ ಪಕ್ಕಕ್ಕೆ ಹೋಗಿ, ಮಣ್ಣು ಕುಸಿದ ಜಾಗವನ್ನು ಬಗ್ಗಿ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಕರ್ತವ್ಯದ ಮೇಲೆ ಸತ್ತ ಎಂದೇ ಹೇಳುತ್ತೇನೆ ಎಂದು ಸಿಪಾಯಿಗಳ ಕಡೆ ತಿರುಗಿ ಹೇಳಿದ. ಹಾಗೇ ಮಾಡಿದನೆಂದು ಆಮೇಲೆ ತಿಳಿಯಿತು.

ಪಟೇಲರು ಹೆಣವನ್ನು ಕೇಳಿದರು. “ನಮ್ ಕೆರೆಗೋಸ್ಕರ ಸತ್ತವ್ನೆ. ನಮ್ ಮಣ್ಣಲ್ಲೇ ಇರ್ಲಿ ಸ್ವಾಮಿ.” ಅದು ಆಗಲಿಲ್ಲ. ಲಾರಿಯಲ್ಲಿ ಕ್ಯಾಂಪಿಗೆ ಒಯ್ದರು. ಊರಿಗೆ ಊರೇ ಲಾರಿಯ ಹಿಂದೆ ಕುಂದಾಣದ ತನಕ ನಡೆದು ಹೋಯಿತು.

ಮಳೆ ನಿಂತ ಮೇಲೆ ಶ್ರೀಕಂಠಯ್ಯನವರು ಅಲ್ಲೇ ಡೇರೆ ಹಾಕಿಸಿ, ಗೂಡಿನ ಸುತ್ತ ಹೊಸದಾಗಿ ಜೇಡಿಮಣ್ಣು ಪದರ ಪದರವಾಗಿ ತುಂಬಿಸಿ, ಹಿಂಬದಿಗೆ ಏರಿಯನ್ನು ಅಗಲ ಮಾಡಿಸಿದರು. ಈ ಸಲ ಯಾರೂ ಅವಸರ ಮಾಡಲಿಲ್ಲ. ಕ್ಯಾಪ್ಟನ್ನೇ ಲಾರಿಗಳನ್ನು ಕಳಿಸಿದ. ಜನ ಏರಿಯ ಮೇಲೆ ಓಡಾಡಬಹುದು ಎಂದೂ ಆಯಿತು. ಆ ಕೆಲಸವೇ ಶ್ರೀಕಂಠಯ್ಯನವರ ಕೊನೆಯ ದೊಡ್ಡ ಕೆಲಸ. ಮರುವರ್ಷ ನಿವೃತ್ತರಾಗಿ ಊರಿಗೆ ಹೋದರು. ಯುದ್ಧ ಮುಗಿಯುವುದನ್ನು ನೋಡಲು ಅವರು ಇರಲಿಲ್ಲ.

ಯುದ್ಧ ಮುಗಿದ ಮೇಲೆ ಎಲ್ಲವೂ ತಿರುಗುಮುರುಗಾಯಿತು. ಹೊಲಗಳನ್ನು ರೈತರಿಗೆ ವಾಪಸು ಮಾಡಿ, ಗೂಡುಗಳನ್ನು ಕೆಡವಿ ಎಂದು ಅಪ್ಪಣೆ. ಕಟ್ಟಿಸಿದ ನನಗೇ ಕೆಡವಿಸುವ ಕೆಲಸ ಬಂತು. ಕಲ್ಲುಕುಟಿಗರು ಜಂಪರ್ ಕಡ್ಡಿಯಿಂದ ಗೋಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ ಸಿಡಿಸುವುದು. ಹೊಲದ ನಡುವೆ ಇದ್ದ ಕೆಲವು ಹೋದವು. ಕೆಲವನ್ನು, ಕೆಡವುವ ಖರ್ಚು ಜಾಸ್ತಿ ಎಂದು ಹಾಗೇ ಬಿಟ್ಟರು. ಹೊಸಕೋಟೆಯ ಕಡೆ ಒಂದರಲ್ಲಿ ಹುಲ್ಲು ಕೂಡಿಡುತ್ತಿದ್ದರು, ಇನ್ನೊಂದರಲ್ಲಿ ಕುರಿಮರಿ ಕಟ್ಟುತ್ತಿದ್ದರು.

ಅಗಲಕಟ್ಟೆಯದನ್ನು ಮಾತ್ರ ಕೆಡವಲೇಬೇಕೆಂದು ಹೊಸ ಎಕ್ಸಿಕ್ಯುಟಿವ್ ಎಂಜಿನಿಯರ್ ಹಟ ಹಿಡಿದರು. ಏರಿಯ ಮೇಲೆ ಒಂದು ಸಲ ಪ್ರಾಣ ತೆಗೆದ ಕಟ್ಟಡ, ಅದು ಇರಬಾರದು ಎಂಬುದು ಅವರ ವಾದ. ಕೆಟ್ಟವರಲ್ಲ, ಓದಿ ತಿಳಿದು ಆಡಿದ ಮಾತೇ. ಈಗ ಅದು ಏರಿಯ ಜೊತೆ ಕೂತುಬಿಟ್ಟಿದೆ ಸಾರ್, ತೆಗೆದರೆ ಹೆಚ್ಚು ಅಪಾಯ ಎಂದು ನಾನು ಹೇಳಿ ನೋಡಿದೆ. ಕಚೇರಿಯಲ್ಲಿ ಕೂತು ಹೇಳಿದ ಮಾತಿಗೆ ತೂಕ ಸಿಗಲಿಲ್ಲ. ಕುಳಿ ಕೊರೆಸಿ, ಸಿಡಿಸುವ ದಿನ ನಾನೇ ಬರುತ್ತೇನೆ ಎಂದರು.

ಆ ಹೊತ್ತಿಗೆ ತಿಮ್ಮಕ್ಕನ ಮಗ ಬಂದಿದ್ದ. ಹೌದು, ನಂಜುಂಡ ಬದುಕಿದ್ದ. ಮಲಯದಲ್ಲಿ ಸೆರೆಯಲ್ಲಿದ್ದು ಎಲುಬಿನ ಹಂದರವಾಗಿ ಬಂದ. ಗದ್ದೆ ಕೆಲಸ ಮಾಡುತ್ತಿದ್ದ, ಉಣ್ಣುತ್ತಿದ್ದ. ಆದರೆ ಮಾತಿಲ್ಲ. ಅಲ್ಲಿ ಏನಾಯಿತು ಎಂದು ಯಾರು ಕೇಳಿದರೂ ಎದ್ದು ಹೋಗುತ್ತಿದ್ದ. “ಮಗ ಬಂದ ಸಾಮಿ, ಅವನ ಬಾಯಿ ಇನ್ನೂ ಬಂದಿಲ್ಲ” ಎಂದು ತಿಮ್ಮಕ್ಕ ನನ್ನ ಹತ್ತಿರ ಹೇಳಿಕೊಂಡಿದ್ದಳು.

ಕುಳಿ ಕೊರೆಯುವುದು ಮುಗಿಯುತ್ತಾ ಬಂದ ದಿನ ಎಕ್ಸಿಕ್ಯುಟಿವ್ ಎಂಜಿನಿಯರ್ ಬಂದರು. ಅವರು ನೋಡುತ್ತಿದ್ದಾಗಲೇ ಏರಿಯ ಮೇಲೆ ಇಬ್ಬರು ನಡೆದು ಬಂದರು. ಒಬ್ಬನ ಗುರುತು ನನಗೆ ಸಿಕ್ಕಿತು. ಗೂಡಿನಲ್ಲಿದ್ದ ಸಿಪಾಯಿಗಳಲ್ಲಿ ಒಬ್ಬ, ಈಗ ಪಟಾಲಮ್ ಬಿಟ್ಟು ಬಂದಿದ್ದ. ಜೊತೆಗಿದ್ದವರು ವಯಸ್ಸಾದವರು. ಮೊಳಕಾಲಿನ ಮೇಲಕ್ಕೆ ಉಟ್ಟ ಪಂಚೆ, ಹೆಗಲಿಗೆ ಟವಲು. ಮಾರಿಮುತ್ತುವಿನ ತಂದೆ. ಮಗ ಸತ್ತ ಜಾಗ ನೋಡಬೇಕೆಂದು, ಯುದ್ಧ ಮುಗಿದ ಮೇಲೆ ಆ ಸಿಪಾಯಿಯನ್ನು ಹುಡುಕಿಕೊಂಡು, ಅವನನ್ನು ಕರೆದುಕೊಂಡು ಬಂದಿದ್ದರು.

ಕುಟಿಗರು ಸುತ್ತಿಗೆ ಕೆಳಗಿಟ್ಟರು. ಮುದುಕರು ಗೋಡೆಗೆ ಕೈ ಇಟ್ಟು ನಿಂತರು. ಹೊಸದಾಗಿ ಕೊರೆದ ಕುಳಿಗಳನ್ನು ನೋಡಿ ಸಿಪಾಯಿಯನ್ನು ತಮಿಳಿನಲ್ಲಿ ಏನೋ ಕೇಳಿದರು. ಅವನು ನಮಗೆ ಹೇಳಿದ: “ಇದನ್ನ ಒಡೆದ್ರೆ ಕೆರೆಗೆ ಏನೂ ಆಗೋದಿಲ್ವಾ ಅಂತ ಕೇಳ್ತಾ ಇದ್ದಾರೆ.”

ಎಕ್ಸಿಕ್ಯುಟಿವ್ ಎಂಜಿನಿಯರ್ ನನ್ನ ಕಡೆ ತಿರುಗಿ, “ನೀವು ಹೇಳಿ ರಂಗಸ್ವಾಮಿ” ಎಂದರು.

“ಆಗುತ್ತೆ ಸಾರ್. ಅವತ್ತು ತುಂಬಿದ ಮಣ್ಣೆಲ್ಲ ಈಗ ಈ ಗೋಡೆಯನ್ನ ಕಚ್ಚಿಕೊಂಡಿದೆ. ಮದ್ದು ಸಿಡಿದರೆ ಉದ್ದಕ್ಕೂ ಬಿರುಕು ಬಿಡುತ್ತೆ. ಆಮೇಲೆ ಎಷ್ಟು ತುಂಬಿದರೂ ಅದು ಹೊಸ ಮಣ್ಣೇ.”

ಅವರು ಏರಿಯ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ಬಂದರು. “ಕುಳಿಗಳಿಗೆ ಸಿಮೆಂಟು ತುಂಬಿಸಿ ಮುಚ್ಚಿಬಿಡಿ” ಎಂದು ಹೇಳಿ ಜೀಪು ಹತ್ತಿದರು. ಆಮೇಲೆ ಆ ಗೂಡಿನ ಮಾತು ಕಚೇರಿಯಲ್ಲಿ ಏಳಲಿಲ್ಲ.

ಮುದುಕರು ಬಗ್ಗಿ ಗೂಡಿನೊಳಗೆ ಹೋಗಿ ಕೂತರು. ನಾವು ಹೊರಗೇ ನಿಂತೆವು. ಬಹಳ ಹೊತ್ತಿನ ಮೇಲೆ ಬಂದು, ಗದ್ದೆ ನೋಡಬೇಕು ಎಂದರು. ಪಟೇಲರು ಕೈ ಹಿಡಿದು ಇಳಿಸಿದರು. ಭತ್ತ ತೆನೆ ಕಟ್ಟಿತ್ತು. ಬದುವಿನ ಮೇಲೆ ನಿಂತು ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದು ನೋಡಿ ಬಿಟ್ಟರು, ಕೀಳಲಿಲ್ಲ.

ತಿಮ್ಮಕ್ಕ ಮಾತ್ರ ಎಲ್ಲೂ ಕಾಣಲಿಲ್ಲ. ಹುಡುಕಿದರೆ ತೂಬಿನ ಮರೆಯಲ್ಲಿ ಕೂತಿದ್ದಳು.

“ನಾನು ಹೆಂಗೆ ಮುಖ ತೋರ್ಸ್ಲಿ ಸಾಮಿ? ನನ್ ಮಗ ಬಂದವ್ನೆ. ಅವರ ಮಗ ನನ್ ಗದ್ದೆ ಉಳ್ಸಿ ಹೋದ. ನಂಜುಂಡನ್ನ ಅವರ ಕಣ್ಣಿಗೆ ಬೀಳಬ್ಯಾಡ, ಆಚೆ ಹೋಗು ಅಂತ ಕಳ್ಸಿದೀನಿ.”

ಆದರೆ ಆ ಮಾತು ಮುದುಕರಿಗೆ ಹೇಗೋ ತಲುಪಿತ್ತು. ಸಿಪಾಯಿಯ ಕೈಲಿ ಹೇಳಿ ಕಳಿಸಿದರು: ಸೆರೆಯಿಂದ ಬಂದ ಆ ಹುಡುಗನನ್ನು ಕರೆಯಿರಿ, ನೋಡಬೇಕು.

ನಂಜುಂಡ ಬಂದ. ತಲೆ ತಗ್ಗಿಸಿ ಗೂಡಿನ ನೆರಳಿನಲ್ಲಿ ನಿಂತ. ಮುದುಕರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಸಣ್ಣಗಾದ ಮುಂಗೈ ಹಿಡಿದು ತಮಿಳಿನಲ್ಲಿ ಏನೋ ಕೇಳಿದರು. ಮಲಯದ ರಬ್ಬರ್ ತೋಟದ ತಮಿಳರ ನಡುವೆ ಇದ್ದು ಬಂದವನು ಅವನು. ಅವನಿಗೆ ತಮಿಳು ಬರುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವನು ತಮಿಳಿನಲ್ಲೇ ಉತ್ತರ ಕೊಟ್ಟ. ಮೊದಲು ಒಂದೊಂದೇ ಮಾತು. ಆಮೇಲೆ ನಿಲ್ಲಿಸಲೇ ಇಲ್ಲ. ಹೊತ್ತು ಇಳಿಯುವವರೆಗೂ ಹೇಳುತ್ತಲೇ ಇದ್ದ. ಮುದುಕರು ಕೇಳುತ್ತಲೇ ಇದ್ದರು. ನಡುವೆ ಒಮ್ಮೆ ಇಬ್ಬರೂ ಅತ್ತರು.

ತಿಮ್ಮಕ್ಕ ದೂರದಲ್ಲಿ, ಏರಿಯ ಕೆಳಗೆ ನಿಂತಿದ್ದಳು. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಹತ್ತಿರ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಹೋಗಲೂ ಇಲ್ಲ. ಮಗನ ದನಿ ಕೇಳಿಸುವಷ್ಟು ದೂರದಲ್ಲಿ ಸುಮ್ಮನೆ ನಿಂತೇ ಇದ್ದಳು.